ಎಂಸಿಬಿ ಪದೇ ಪದೇ ಬೀಳ್ತಿದೆಯಾ? ದೊಡ್ಡದು ಹಾಕಿಸೋ ಮುಂಚೆ ಇದನ್ನ ಕೇಳಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ ಇಲ್ಲಿದೆ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಇವತ್ತಿನ ಸಂಚಿಕೆಯನ್ನ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಹೋದ ವರ್ಷ ಚಳಿಗಾಲದಲ್ಲಿ ಊರಿಂದ ಅಮ್ಮ ಫೋನ್ ಮಾಡಿದ್ರು. ‘ಬೆಳಗ್ಗೆ ಹೊತ್ತು ಗೀಸರ್ ಹಾಕಿ, ಇಂಡಕ್ಷನ್ ಒಲೆ ಮೇಲೆ ಹಾಲಿಟ್ಟು, ವಾಷಿಂಗ್ ಮಷೀನ್ ಆನ್ ಮಾಡಿದ್ರೆ ಒಂದೆರಡು ನಿಮಿಷಕ್ಕೆ ಟಪ್ ಅಂತ ಕರೆಂಟ್ ಹೋಗುತ್ತೆ ಕಣೋ. ಬಾಕ್ಸಲ್ಲಿ ಆ ಕರೀ ಗುಂಡಿ ಕೆಳಗೆ ಬಿದ್ದಿರುತ್ತೆ. ದಿನಾ ಸ್ಟೂಲ್ ಹತ್ತಿ ಮೇಲೆತ್ತಿ ಸಾಕಾಯ್ತು’ ಅಂದ್ರು. ನಾನು ಆಫೀಸಿನ ಗಡಿಬಿಡಿಯಲ್ಲಿದ್ದೆ. ‘ಅಯ್ಯೋ, ಅದು ಚಿಕ್ಕದಾಯ್ತು ಅನ್ಸುತ್ತಮ್ಮ, ದೊಡ್ಡದು ಹಾಕಿಸಿಬಿಡಿ’ ಅಂದೆ. ಅಮ್ಮ ಪಕ್ಕದ ಬೀದಿಯ ಹುಡುಗನನ್ನ ಕರೆಸಿ, ನನ್ನ ಮಗ ಹೇಳಿದಾನೆ ಅಂತ 16 ಆಂಪಿಯರ್ ಎಂಸಿಬಿ ತೆಗೆಸಿ 32 ಆಂಪಿಯರ್‌ದು ಹಾಕಿಸಿದ್ರು. ಮಾರನೇ ದಿನ ಫೋನ್ ಮಾಡಿ, ‘ಈಗ ಬೀಳ್ತಾನೇ ಇಲ್ಲ ಕಣೋ, ಆರಾಮಾಯ್ತು’ ಅಂದ್ರು. ನನಗೂ ಖುಷಿಯಾಯ್ತು.

ಎರಡು ತಿಂಗಳಾದ ಮೇಲೆ ಬಚ್ಚಲುಮನೆ ಪಕ್ಕದ ಗೋಡೆಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬರ್ತಿದೆ ಅಂತ ಅಮ್ಮ ಹೇಳಿದಾಗ ನಾನೇ ಊರಿಗೆ ಹೋದೆ. ಸ್ವಿಚ್ ಬೋರ್ಡಿನ ಬಿಳಿ ಪ್ಲೇಟು ಹಳದಿಗೆ ತಿರುಗಿತ್ತು. ಪರಿಚಯದ ಹಳೇ ಎಲೆಕ್ಟ್ರಿಷಿಯನ್ ಒಬ್ಬರು ಬಂದು ಪೈಪಿನೊಳಗಿನ ವೈರ್ ಎಳೆದರು. ಬರಲಿಲ್ಲ. ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡು ಪೈಪಿಗೇ ಹಿಡಿದುಬಿಟ್ಟಿತ್ತು. ಅವರು ಡಿಬಿ ಬಾಕ್ಸ್ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿ ಕೇಳಿದ್ರು: ‘ಎರಡೂವರೆ ಸ್ಕ್ವೇರ್ ಎಂಎಂ ವೈರಿಗೆ 32 ಹಾಕ್ಸಿದ್ದೀರಲ್ಲ ಸಾರ್, ಇದು ಕಾಯೋದು ಯಾರನ್ನ?’

ಆ ಪ್ರಶ್ನೆಗೆ ಉತ್ತರವೇ ಇವತ್ತಿನ ಸಂಚಿಕೆ. ಫ್ಯೂಸ್ ಆಗಲಿ, ಎಂಸಿಬಿ ಆಗಲಿ, ಅದು ಕಾಯೋದು ಯಾರನ್ನ?

ಕಾಯೋದು ವೈರನ್ನ

ನಮ್ಮಲ್ಲಿ ತುಂಬಾ ಜನ ಅಂದುಕೊಂಡಿರೋದು, ಎಂಸಿಬಿ ಇರೋದು ಟಿವಿ, ಫ್ರಿಜ್ ಸುಡದೇ ಇರಲಿ ಅಂತ. ಇಲ್ಲಾ, ನಮಗೆ ಶಾಕ್ ಹೊಡೀದೇ ಇರಲಿ ಅಂತ. ಎರಡೂ ಅಲ್ಲ. ಅದರ ಮುಖ್ಯ ಕೆಲಸ ಗೋಡೆಯೊಳಗೆ ಹುದುಗಿರೋ ವೈರನ್ನ ಕಾಯೋದು.

ಯಾಕೆ ಅಂತ ನೋಡೋಣ. ಯಾವುದೇ ವೈರಿನಲ್ಲಿ ಕರೆಂಟ್ ಹರಿದಾಗ ಅದು ಸ್ವಲ್ಪವಾದರೂ ಬಿಸಿಯಾಗುತ್ತೆ. ಈ ಬಿಸಿಯ ಲೆಕ್ಕ ಸ್ವಲ್ಪ ವಿಚಿತ್ರ. ಕರೆಂಟ್ ಎರಡು ಪಟ್ಟಾದರೆ ಬಿಸಿ ಎರಡು ಪಟ್ಟಾಗಲ್ಲ, ನಾಲ್ಕು ಪಟ್ಟಾಗುತ್ತೆ. ಮೂರು ಪಟ್ಟಾದರೆ ಒಂಬತ್ತು ಪಟ್ಟು. ವೈರಿನ ಮೇಲಿರೋ ಮಾಮೂಲಿ ಪಿವಿಸಿ ಹೊದಿಕೆ ಸತತವಾಗಿ ತಡೆದುಕೊಳ್ಳೋದು ಸುಮಾರು 70 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಅದನ್ನ ಮೀರಿ ದಿನಾ ಬಿಸಿಯಾದರೆ ಹೊದಿಕೆ ಮೊದಲು ಮೆತ್ತಗಾಗುತ್ತೆ, ಆಮೇಲೆ ಗಡುಸಾಗಿ ಬಿರುಕು ಬಿಡುತ್ತೆ. ಕೊನೆಗೆ ಫೇಸ್ ಮತ್ತು ನ್ಯೂಟ್ರಲ್ ವೈರ್‌ಗಳ ತಾಮ್ರ ಒಂದಕ್ಕೊಂದು ತಾಗಿದರೆ ಅದೇ ಶಾರ್ಟ್ ಸರ್ಕ್ಯೂಟ್.

ಈಗ ನಮ್ಮ ಮನೆಯ ಲೆಕ್ಕ ಹಾಕೋಣ. ಗೀಸರ್ 3,000 ವ್ಯಾಟ್. ಇಂಡಕ್ಷನ್ ಒಲೆ 2,000 ವ್ಯಾಟ್. ಬಿಸಿನೀರಲ್ಲಿ ಒಗೆಯೋ ವಾಷಿಂಗ್ ಮಷೀನಿನ ಹೀಟರ್ 2,000 ವ್ಯಾಟ್. ಒಟ್ಟು 7,000. ನಮ್ಮ ಮನೆಗಳಿಗೆ ಬರೋದು 230 ವೋಲ್ಟ್. 7,000ವನ್ನ 230ರಿಂದ ಭಾಗಿಸಿದರೆ ಸುಮಾರು 30 ಆಂಪಿಯರ್. ಹಿಂದೊಮ್ಮೆ ಮನೆ ಹಿಂಭಾಗ ಕಟ್ಟಿಸುವಾಗ ಬಚ್ಚಲುಮನೆ, ಹಿತ್ತಿಲ ಕಡೆಯ ಅಡುಗೆಮನೆ ಎರಡಕ್ಕೂ ಒಂದೇ ಲೈನ್ ಎಳೆದಿದ್ರು. ಹಾಗಾಗಿ ಈ ಮೂವತ್ತೂ ಆಂಪಿಯರ್ ಹರೀತಾ ಇದ್ದದ್ದು ಒಂದೇ ವೈರಿನಲ್ಲಿ. ಗೋಡೆಯೊಳಗಿನ ಪೈಪಿನಲ್ಲಿ ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರ್ ಹೊರೋದು ಸುಮಾರು 20 ಆಂಪಿಯರ್. 20ರ ಜಾಗದಲ್ಲಿ 30 ಹರಿದರೆ ಬಿಸಿ ಎರಡೂಕಾಲು ಪಟ್ಟು.

ಹಳೇ 16 ಆಂಪಿಯರ್ ಎಂಸಿಬಿ ಇದನ್ನ ಗುರುತಿಸಿ ದಿನಾ ಬೀಳ್ತಾ ಇತ್ತು. ಹೊಸ 32 ಆಂಪಿಯರ್ ಎಂಸಿಬಿಗೆ 30 ಆಂಪಿಯರ್ ಒಂದು ಲೆಕ್ಕವೇ ಅಲ್ಲ. ಅದು ಯಾವತ್ತೂ ಬೀಳಲ್ಲ. ರಾತ್ರಿ ನಾಯಿ ಬೊಗಳುತ್ತೆ, ನಿದ್ದೆ ಬರಲ್ಲ ಅಂತ ನಾಯಿ ಬಾಯಿ ಕಟ್ಟಿ ಮಲಗಿದ ಹಾಗಾಯ್ತು ನಾನು ಮಾಡಿದ್ದು.

ಪಿಂಗಾಣಿ ಫ್ಯೂಸಿನ ಕಾಲ

ನನ್ನ ವಯಸ್ಸಿನವರಿಗೆ ಹಳೇ ಫ್ಯೂಸ್ ನೆನಪಿರುತ್ತೆ. ಮೀಟರ್ ಬೋರ್ಡಿನ ಪಕ್ಕ ಬಿಳಿ ಪಿಂಗಾಣಿಯ ಎರಡು ತುಂಡು. ಒಂದು ಬೋರ್ಡಿಗೆ ಅಂಟಿಕೊಂಡಿರೋದು, ಇನ್ನೊಂದು ಕೈಯಲ್ಲಿ ಕೀಳಬಹುದಾದದ್ದು. ಎಲೆಕ್ಟ್ರಿಷಿಯನ್‌ಗಳು ಇದನ್ನ ಕಿಟ್‌ಕ್ಯಾಟ್ ಅಂತಾರೆ. ಬಿಲ್ ಕಟ್ಟದಿದ್ರೆ ಲೈನ್‌ಮನ್ ಬಂದು ಫ್ಯೂಸ್ ಕಿತ್ಕೊಂಡು ಹೋಗ್ತಿದ್ದದ್ದು ಇದನ್ನೇ.

ಇದರ ಕೆಲಸ ತುಂಬಾ ಸರಳ. ಆ ಪಿಂಗಾಣಿ ತುಂಡಿನಲ್ಲಿ ಕೂದಲಿನ ಹಾಗೆ ಸಣ್ಣದೊಂದು ತವರ ಲೇಪಿಸಿದ ತಾಮ್ರದ ತಂತಿ ಕಟ್ಟಿರ್ತಾರೆ. ಇಡೀ ಮನೆಯ ವೈರಿಂಗಿನಲ್ಲಿ ಬೇಕಂತಲೇ ಇಟ್ಟ ಅತಿ ದುರ್ಬಲವಾದ ಜಾಗ ಅದು. ಕರೆಂಟ್ ಮಿತಿ ಮೀರಿದಾಗ ಗೋಡೆಯೊಳಗಿನ ವೈರ್ ಕಾಯೋ ಮುಂಚೆ ಈ ಸಣ್ಣ ತಂತಿ ಕರಗಿ ಹೋಗುತ್ತೆ. ಅಲ್ಲಿಗೆ ದಾರಿ ಕಡಿದ ಹಾಗೆ. ವಿದ್ಯುತ್ ದೀಪದ ಜೊತೆ ಜೊತೆಗೇ ಹುಟ್ಟಿದ ಉಪಾಯ ಇದು. ಥಾಮಸ್ ಎಡಿಸನ್ 1880ರಲ್ಲೇ ಇಂಥ ಸುರಕ್ಷಾ ತಂತಿಗೆ ಪೇಟೆಂಟ್ ಪಡೆದಿದ್ದರು.

ಆದರೆ ಇದರಲ್ಲಿ ಒಂದು ತೊಂದರೆ ಇತ್ತು, ಅದು ನಾವೇ. ಚಿಕ್ಕವನಿದ್ದಾಗ ನಮ್ಮನೇಲಿ ರಾತ್ರಿ ಫ್ಯೂಸ್ ಹೋದರೆ ಅಪ್ಪ ಮೇಣದ ಬತ್ತಿ ಹಿಡಿಸಿ ನನ್ನನ್ನ ನಿಲ್ಲಿಸ್ಕೊಂಡು ಫ್ಯೂಸ್ ಕಟ್ತಿದ್ರು. ಫ್ಯೂಸ್ ತಂತಿ ಮನೇಲಿ ಇರ್ತಿರಲಿಲ್ಲ. ಹಳೇ ವೈರಿನ ತುಂಡು ಸುಲಿದು ನಾಲ್ಕೈದು ಎಳೆ ತಗೊಂಡು ಹುರಿ ಮಾಡಿ ಕಟ್ತಿದ್ರು. ‘ಇನ್ನು ಹೋಗಲ್ಲ ಬಿಡು’ ಅಂತ ಹೆಮ್ಮೆ ಬೇರೆ. ನಿಜವಾದ ಫ್ಯೂಸ್ ತಂತಿಯೇ ತನ್ನ ಅಳತೆಯ ಸುಮಾರು ಎರಡರಷ್ಟು ಕರೆಂಟ್ ಹರಿದಾಗ ಕರಗೋದು. ಅದರ ಜಾಗದಲ್ಲಿ ನಾಲ್ಕೈದು ಎಳೆ ಹುರಿ ಮಾಡಿ ಕಟ್ಟಿದರೆ ಅದು ಫ್ಯೂಸೇ ಅಲ್ಲ, ಇನ್ನೊಂದು ವೈರ್ ಅಷ್ಟೆ. ಅಪ್ಪ ಎಳೆ ಹುರಿ ಮಾಡಿ ಮಾಡಿದ್ದನ್ನೇ ನಾನು ಮೂವತ್ತು ವರ್ಷ ಆದ ಮೇಲೆ ಫೋನಿನಲ್ಲಿ ಮಾಡಿದೆ.

ಫ್ಯೂಸ್ ಹಳೇದಾಯ್ತು ಅಂತ ಅದನ್ನ ಹೀನಾಯ ಮಾಡೋ ಹಾಗೂ ಇಲ್ಲ. ಕಾರ್ಖಾನೆಗಳ ಪ್ಯಾನೆಲ್‌ನಲ್ಲಿ ಎಚ್‌ಆರ್‌ಸಿ ಫ್ಯೂಸ್ ಅಂತ ಇರುತ್ತೆ. ಪಿಂಗಾಣಿ ಕೊಳವೆಯೊಳಗೆ ತಂತಿಯ ಸುತ್ತ ಸ್ಫಟಿಕ ಮರಳು ತುಂಬಿರ್ತಾರೆ. ತಂತಿ ಕರಗಿದಾಗ ಹುಟ್ಟೋ ಕಿಡಿಯ ಶಾಖ ಆ ಮರಳನ್ನೇ ಕರಗಿಸಿ ಗಾಜಿನಂತೆ ಮಾಡುತ್ತೆ, ಕಿಡಿ ಅಲ್ಲೇ ನಂದುತ್ತೆ. ಸಾವಿರಾರು ಆಂಪಿಯರ್‌ನ ಶಾರ್ಟ್ ಸರ್ಕ್ಯೂಟನ್ನ ಕಡಿಯೋದರಲ್ಲಿ ಅದು ಇವತ್ತಿಗೂ ಗಟ್ಟಿ.

ಎಂಸಿಬಿ ಒಳಗೆ ಇಬ್ಬರು ಕಾವಲುಗಾರರು

1924ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನ ಹ್ಯೂಗೊ ಸ್ಟಾಟ್ಜ್ ಅವರ ಕಂಪನಿ, ಕರಗಿ ಹೋಗದೇ, ಮತ್ತೆ ಮೇಲೆತ್ತಿ ಬಳಸಬಹುದಾದ ಸಣ್ಣ ಬ್ರೇಕರ್‌ಗೆ ಪೇಟೆಂಟ್ ಪಡೀತು. ಇವತ್ತು ನಮ್ಮ ಮನೆಯ ಎಂಸಿಬಿ ಅದರದೇ ಸಂತತಿ.

ಇದರೊಳಗೆ ಇಬ್ಬರು ಕಾವಲುಗಾರರಿದ್ದಾರೆ. ಒಬ್ಬ ನಿಧಾನಿ, ಇನ್ನೊಬ್ಬ ಮುಂಗೋಪಿ.

ನಿಧಾನಿ ಅಂದ್ರೆ ಎರಡು ಬೇರೆ ಬೇರೆ ಲೋಹ ಬೆಸೆದ ಒಂದು ಪಟ್ಟಿ. ಬಿಸಿಯಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತೆ, ಇನ್ನೊಂದು ಕಡಿಮೆ. ಹಾಗಾಗಿ ಪಟ್ಟಿ ಬಾಗುತ್ತೆ. ಸಾಕಷ್ಟು ಬಾಗಿದಾಗ ಕೊಂಡಿ ತಪ್ಪಿಸಿ ಎಂಸಿಬಿಯನ್ನ ಬೀಳಿಸುತ್ತೆ. ಇವನು ನೋಡಿಕೊಳ್ಳೋದು ಓವರ್‌ಲೋಡ್. ಮನೆಬಳಕೆಯ ಎಂಸಿಬಿಗಳ ಮಾನದಂಡ ಏನು ಹೇಳುತ್ತೆ ಅಂದ್ರೆ, ಅದರ ಅಳತೆಯ 1.13 ಪಟ್ಟು ಕರೆಂಟ್ ಹರಿದರೆ ಒಂದು ಗಂಟೆವರೆಗೆ ಬೀಳಬಾರದು. 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. 16 ಆಂಪಿಯರ್ ಎಂಸಿಬಿಗೆ ಇದು ಸುಮಾರು 18 ಮತ್ತು 23 ಆಂಪಿಯರ್. 32 ಆಂಪಿಯರ್‌ದಕ್ಕೆ ಈ ಮೇಲಿನ ಅಂಕಿ 46ರ ಮೇಲೆ ಹೋಗುತ್ತೆ. 20 ಹೊರೋ ವೈರಿನಲ್ಲಿ 46! ಆಗ ಬಿಸಿ ಐದು ಪಟ್ಟಿಗಿಂತ ಹೆಚ್ಚು.

ಮುಂಗೋಪಿ ಅಂದ್ರೆ ಒಂದು ತಾಮ್ರದ ಸುರುಳಿ, ಅಂದ್ರೆ ವಿದ್ಯುತ್ಕಾಂತ. ಶಾರ್ಟ್ ಸರ್ಕ್ಯೂಟ್ ಆಗಿ ಕರೆಂಟ್ ಒಮ್ಮೆಲೇ ನೂರಾರು ಆಂಪಿಯರ್‌ಗೆ ಜಿಗಿದಾಗ ಪಟ್ಟಿ ಬಿಸಿಯಾಗೋವರೆಗೆ ಕಾಯೋಕಾಗಲ್ಲ. ಸುರುಳಿ ಒಳಗಿನ ಕಬ್ಬಿಣದ ಮೊಳೆ ಚಿಮ್ಮಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಬೇಗ ಸಂಪರ್ಕ ಕಡಿಯುತ್ತೆ. ಕಡಿಯುವಾಗ ಹುಟ್ಟೋ ಕಿಡಿಯನ್ನ ಒಳಗೆ ಸಾಲಾಗಿ ಜೋಡಿಸಿರೋ ಲೋಹದ ತಗಡುಗಳು ಚೂರು ಚೂರು ಮಾಡಿ ಆರಿಸ್ತವೆ.

ಇನ್ನೊಂದು ವಿಷಯ. ಬೀಳಬಾರದು ಅಂತ ಗುಂಡಿಯನ್ನ ಮೇಲಕ್ಕೆ ಒತ್ತಿ ಹಿಡ್ಕೊಂಡ್ರೂ, ಟೇಪ್ ಸುತ್ತಿದರೂ ಎಂಸಿಬಿ ಒಳಗಿಂದ ಬಿದ್ದೇ ಬೀಳುತ್ತೆ. ಹಾಗೇ ಮಾಡಿರ್ತಾರೆ. ಅದನ್ನ ಬಲವಂತವಾಗಿ ಸುಮ್ಮನಿರಿಸೋಕಾಗಲ್ಲ, ಬದಲಾಯಿಸಿದರೆ ಮಾತ್ರ ಸುಮ್ಮನಾಗುತ್ತೆ.

ಮೇಲೆ ಬರೆದಿರೋದನ್ನ ಓದೋದು ಹೇಗೆ?

ಈ ಸಂಚಿಕೆ ಮುಗಿದ ಮೇಲೆ ಒಮ್ಮೆ ನಿಮ್ಮ ಮನೆಯ ಡಿಬಿ ಬಾಕ್ಸ್ ಮುಂದೆ ನಿಂತ್ಕೊಳ್ಳಿ. ಸ್ಕ್ರೂ ಬಿಚ್ಚಬೇಡಿ, ಮುಂದಿನ ಸಣ್ಣ ಬಾಗಿಲು ತೆರೆದು ನೋಡಿದರೆ ಸಾಕು. ಎಂಸಿಬಿ ಮೇಲೆ ಸಿ16, ಸಿ10 ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತೆ.

ಅಂಕಿ ಆಂಪಿಯರ್ ಲೆಕ್ಕ. ಅಕ್ಷರ ಹೇಳೋದು ಮುಂಗೋಪಿಯ ಸ್ವಭಾವ. ಬಿ ಇದ್ದರೆ ಅಳತೆಯ ಮೂರರಿಂದ ಐದು ಪಟ್ಟು ಕರೆಂಟ್‌ಗೆ ತಕ್ಷಣ ಬೀಳುತ್ತೆ, ಸಿ ಇದ್ದರೆ ಐದರಿಂದ ಹತ್ತು ಪಟ್ಟು, ಡಿ ಇದ್ದರೆ ಹತ್ತರಿಂದ ಇಪ್ಪತ್ತು ಪಟ್ಟು. ಮೋಟರ್‌ಗಳು ಶುರುವಾಗೋ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತವೆ. ಫ್ರಿಜ್ಜು, ಪಂಪು ಆನ್ ಆದಾಗಲೆಲ್ಲ ಬೀಳಬಾರದಲ್ವಾ, ಅದಕ್ಕೇ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಸಿ ಬಳಸ್ತಾರೆ. ಅದರ ಕೆಳಗೆ ಸಣ್ಣ ಚೌಕದಲ್ಲಿ 6000 ಅಥವಾ 10000 ಅಂತ ಇರುತ್ತೆ. ಎಷ್ಟು ದೊಡ್ಡ ಶಾರ್ಟ್ ಸರ್ಕ್ಯೂಟ್ ಕರೆಂಟನ್ನ ಅದು ಒಡೆದು ಹೋಗದೇ ಕಡಿಯಬಲ್ಲದು ಅನ್ನೋದರ ಗುರುತು ಅದು.

ಎಂಸಿಬಿ ಅಂಕಿಯನ್ನ ನಿರ್ಧರಿಸೋದು ಉಪಕರಣ ಅಲ್ಲ, ವೈರ್. ತಾಮ್ರದ ವೈರಿಗೆ ಅಂದಾಜು ಹೀಗಿಟ್ಟುಕೊಳ್ಳಿ: ಒಂದು ಸ್ಕ್ವೇರ್ ಎಂಎಂಗೆ 6 ಆಂಪಿಯರ್, ಒಂದೂವರೆಗೆ 10, ಎರಡೂವರೆಗೆ 16, ನಾಲ್ಕಕ್ಕೆ 20 ಅಥವಾ 25. ವೈರ್ ಎಷ್ಟು ಉದ್ದ, ಒಂದೇ ಪೈಪಿನಲ್ಲಿ ಎಷ್ಟು ವೈರ್ ತುರುಕಿದ್ದಾರೆ ಅನ್ನೋದರ ಮೇಲೆ ಇದು ಹೆಚ್ಚುಕಡಿಮೆ ಆಗುತ್ತೆ. ಕೊನೆ ತೀರ್ಮಾನ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ದು. ಎಂಸಿಬಿ ದೊಡ್ಡದಾಗಬೇಕು ಅಂದ್ರೆ ಮೊದಲು ವೈರ್ ದಪ್ಪ ಆಗಬೇಕು. ಈ ಸಂಚಿಕೆಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನ ಇಟ್ಟುಕೊಳ್ಳಿ.

ಬೀಳೋ ರೀತಿಯಲ್ಲೇ ಕಾರಣ ಇದೆ

ಎಂಸಿಬಿ ಸುಮ್ಮನೆ ಬೀಳಲ್ಲ. ಮೇಲೆತ್ತಿದ ಕೂಡಲೇ ಟಪ್ ಅಂತ ಬಿದ್ದರೆ ಎಲ್ಲೋ ಶಾರ್ಟ್ ಇದೆ. ಆ ಲೈನಿನ ಪ್ಲಗ್‌ಗಳನ್ನೆಲ್ಲ ಕಿತ್ತು ಒಮ್ಮೆ ಎತ್ತಿ ನೋಡಿ. ಆಗಲೂ ಬಿದ್ದರೆ ದೋಷ ಗೋಡೆಯೊಳಗೋ ಬೋರ್ಡಿನಲ್ಲೋ ಇದೆ, ಮತ್ತೆ ಮತ್ತೆ ಎತ್ತಬೇಡಿ. ಐದು ಹತ್ತು ನಿಮಿಷ ನಡೆದು ಆಮೇಲೆ ಬಿದ್ದರೆ ಓವರ್‌ಲೋಡ್. ಕೂಡಲೇ ಎತ್ತಿದರೆ ಕೆಲವು ಸಲ ನಿಲ್ಲಲ್ಲ, ಯಾಕಂದ್ರೆ ಒಳಗಿನ ಪಟ್ಟಿ ಇನ್ನೂ ಬಿಸಿ ಇರುತ್ತೆ. ಎರಡು ಮೂರು ನಿಮಿಷ ಬಿಟ್ಟು, ಒಂದು ಉಪಕರಣ ಆರಿಸಿ, ಆಮೇಲೆ ಎತ್ತಿ.

ಹಳ್ಳಿ ಕಡೆ ಇದೇ ಕಥೆ ಟಿಸಿಯಲ್ಲಿ ನಡೆಯುತ್ತೆ. ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಪಂಪ್‌ಸೆಟ್ ಹಾಕಿದಾಗ ಟ್ರಾನ್ಸ್‌ಫಾರ್ಮರ್ ಫ್ಯೂಸ್ ಹೋಗುತ್ತೆ. ನೀರಿಲ್ಲದೆ ಬೆಳೆ ಒಣಗ್ತಿರುವಾಗ ಲೈನ್‌ಮನ್ ಬರೋವರೆಗೆ ಕಾಯೋ ತಾಳ್ಮೆ ಯಾರಿಗಿರುತ್ತೆ? ಯಾರೋ ಒಬ್ಬರು ದಪ್ಪ ತಂತಿ ಸುತ್ತಿ ಬರ್ತಾರೆ. ಅವತ್ತು ನೀರು ಬರುತ್ತೆ. ಆದರೆ ಮುಂದೆ ಲೋಡ್ ಹೆಚ್ಚಾದಾಗ ಕರಗೋಕೆ ಫ್ಯೂಸ್ ಇಲ್ಲ, ಟಿಸಿಯೇ ಸುಡುತ್ತೆ. ಹೊಸ ಟಿಸಿ ಬರೋವರೆಗೆ ಇಡೀ ಊರಿನ ತೋಟಕ್ಕೆ ನೀರಿಲ್ಲ. ಇನ್ನು ಟಿಸಿಗೆ ಕೈ ಹಾಕಿ ಜೀವ ಕಳ್ಕೊಳ್ಳೋ ಅಪಾಯ ಬೇರೆ. ಅದು ಲೈನ್‌ಮನ್ ಕೆಲಸ, ಅವರಿಗೇ ಬಿಡಿ.

ಎಂಸಿಬಿ ಕಾಯದೇ ಇರೋದು ಯಾರನ್ನ?

ಇದು ಹೇಳದಿದ್ದರೆ ಸಂಚಿಕೆ ಅರ್ಧ. ಎಂಸಿಬಿ ಮನುಷ್ಯರನ್ನ ಶಾಕ್‌ನಿಂದ ಕಾಯಲ್ಲ.

ನಮ್ಮ ಮೈಯಲ್ಲಿ ಹರಿಯೋ ಕರೆಂಟ್ ಪ್ರಾಣ ತೆಗೆಯೋಕೆ ಆಂಪಿಯರ್‌ಗಟ್ಟಲೆ ಬೇಕಿಲ್ಲ, ಆಂಪಿಯರ್‌ನ ಸಣ್ಣದೊಂದು ಭಾಗ ಸಾಕು. ಒದ್ದೆ ಕೈಯಲ್ಲಿ ಫೇಸ್ ವೈರ್ ಮುಟ್ಟಿದರೆ ಮೈ ಮೂಲಕ ಸುಮಾರು ಕಾಲು ಆಂಪಿಯರ್ ಹರಿಯಬಹುದು. ಹಳೇ 60 ವ್ಯಾಟ್ ಬಲ್ಬ್ ಎಳೆಯೋದೂ ಹೆಚ್ಚುಕಡಿಮೆ ಅಷ್ಟೇ. ಅಂದ್ರೆ ಶಾಕ್ ಹೊಡೀತಿರೋ ಮನುಷ್ಯ ಎಂಸಿಬಿ ಕಣ್ಣಿಗೆ ಒಂದು ಬಲ್ಬ್, ಅಷ್ಟೇ. ಬೀಳೋಕೆ ಅದಕ್ಕೆ ಕಾರಣವೇ ಕಾಣಲ್ಲ.

ಅದಕ್ಕೆ ಬೇಕಾದದ್ದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ಸದಾ ಹೋಲಿಸ್ತಾ ಇರುತ್ತೆ. ಲೆಕ್ಕ ತಪ್ಪಿದರೆ, ಅಂದ್ರೆ ಎಲ್ಲೋ ನೆಲಕ್ಕೆ ಸೋರ್ತಿದೆ ಅಂತಾದರೆ ಬೀಳುತ್ತೆ. ಮನೆಗೆ ಹಾಕಿಸೋದು 30 ಮಿಲಿಆಂಪಿಯರ್‌ದು, ಅಂದ್ರೆ ಒಂದು ಆಂಪಿಯರ್‌ನ ನೂರರಲ್ಲಿ ಮೂರು ಭಾಗ. ಅದರ ಮೇಲೆ ಸಣ್ಣ ಟೆಸ್ಟ್ ಬಟನ್ ಇರುತ್ತೆ, ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದಾಗ ಬೀಳದಿದ್ರೆ ಅದು ಕೆಲಸಕ್ಕಿಲ್ಲ ಅಂತ ಅರ್ಥ. ಆದರೆ ಆರ್‌ಸಿಸಿಬಿ ಓವರ್‌ಲೋಡ್ ನೋಡಲ್ಲ. ಹಾಗಾಗಿ ಒಂದಿದ್ದರೆ ಇನ್ನೊಂದು ಬೇಡ ಅಂತಿಲ್ಲ, ಎರಡೂ ಬೇಕು.

ಎಂಸಿಬಿಗೆ ಕಾಣದ ಇನ್ನೊಂದು ವಿಷಯ ಸಡಿಲ ಸ್ಕ್ರೂ. ಸಾಕೆಟ್ ಹಿಂದಿನ ವೈರ್ ಸಡಿಲ ಇದ್ದರೆ ಕರೆಂಟ್ ಮಿತಿಯೊಳಗೇ ಇದ್ದರೂ ಆ ಒಂದು ಜಾಗ ಕೆಂಡದಂತೆ ಕಾಯಬಹುದು. ಪ್ಲಗ್ ಬಿಸಿಯಾಗೋದು, ಸಾಕೆಟ್ ಕಪ್ಪಾಗೋದು, ಸಣ್ಣಗೆ ಚಿರ್ ಅನ್ನೋ ಸದ್ದು, ಇವನ್ನ ಗಮನಿಸಬೇಕಾದವರು ನಾವೇ.

ಅಮ್ಮನ ಮನೆ ಏನಾಯ್ತು?

ಗೋಡೆ ಒಡೆಸಿ ಹೊಸ ವೈರ್ ಎಳೆಸಿದ್ವಿ. ಗೀಸರ್‌ಗೆ ನಾಲ್ಕು ಸ್ಕ್ವೇರ್ ಎಂಎಂ ವೈರ್, 20 ಆಂಪಿಯರ್ ಎಂಸಿಬಿ. ಇಂಡಕ್ಷನ್ ಒಲೆಗೆ ಒಂದು, ವಾಷಿಂಗ್ ಮಷೀನ್‌ಗೆ ಒಂದು ಬೇರೆ ಬೇರೆ ಲೈನ್, ಎರಡಕ್ಕೂ ಎರಡೂವರೆ ಸ್ಕ್ವೇರ್ ಎಂಎಂ ವೈರ್, 16ರ ಎಂಸಿಬಿ. ಮುಂದೆ ಒಂದು ಆರ್‌ಸಿಸಿಬಿ. ನಾನು ಫೋನಿನಲ್ಲಿ ಹೇಳಿದ ಒಂದು ಮಾತಿಗಿಂತ ಇದಕ್ಕೆ ಎಷ್ಟೋ ಪಟ್ಟು ಖರ್ಚಾಯ್ತು. ಆದರೂ ಸಿಕ್ಕಿದ್ದು ಸುಟ್ಟ ವಾಸನೆ ಮಾತ್ರ, ಬೆಂಕಿ ಅಲ್ಲ. ಆ ಎರಡು ತಿಂಗಳೂ ಆ ಮನೇಲಿ ಅಮ್ಮ ಒಬ್ಬರೇ ಮಲಗ್ತಿದ್ರು ಅನ್ನೋದು ನೆನಪಾದಾಗ ಖರ್ಚಿನ ಮಾತು ಬಾಯಿಗೆ ಬರಲ್ಲ.

ಅಮ್ಮ ಪ್ರತಿ ಎಂಸಿಬಿ ಕೆಳಗೂ ಚೀಟಿ ಅಂಟಿಸಿದಾರೆ: ಗೀಸರ್, ಒಲೆ, ಬಟ್ಟೆ, ದೇವರಮನೆ. ಮೊನ್ನೆ ಮತ್ತೆ ಫೋನ್ ಬಂತು. ‘ಗೀಸರ್ ಹಾಕಿದ ಕೂಡಲೇ ಆ ಟೆಸ್ಟ್ ಬಟನ್ ಇರೋದು ಬೀಳ್ತಿದೆ ಕಣೋ. ನಾನು ಎತ್ತಿಲ್ಲ, ಗೀಸರ್ ಲೈನ್ ಆಫ್ ಮಾಡಿ ಅವರನ್ನ ಬರೋಕೆ ಹೇಳಿದೀನಿ’ ಅಂದ್ರು. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿ ನೋಡಿದ್ರೆ ಗೀಸರ್ ಒಳಗಿನ ಕಾಯಿಲ್ ಸೀಳಿತ್ತು, ಕರೆಂಟ್ ನೀರಿಗೆ ಸೋರ್ತಾ ಇತ್ತು.

ಈ ಸಲ ನಾನು ಫೋನಿನಲ್ಲಿ ಏನೂ ಸಲಹೆ ಕೊಡಲಿಲ್ಲ. ಕೊಡೋ ಅಗತ್ಯವೂ ಇರಲಿಲ್ಲ.